ದತ್ತಸಂಚಯ ಬ್ಯಾಕಪ್

ದತ್ತಸಂಚಯ ಬ್ಯಾಕಪ್ ಎಂದರೆ ಗಣಕಯಂತ್ರದ ದತ್ತಸಂಚಯದಲ್ಲಿ, ಅಂದರೆ ಡೇಟಾಬೇಸ್‌ನಲ್ಲಿ, ಇರುವ ಮಾಹಿತಿಯ ಪ್ರತಿಯನ್ನು ಮೂಲದಿಂದ ಪ್ರತ್ಯೇಕವಾಗಿ ಕಾಯ್ದಿರಿಸುವ ಕ್ರಮ. ಯಂತ್ರದ ದೋಷ, ಬೆಂಕಿ, ನೆರೆ, ಸಿಬ್ಬಂದಿಯ ಕೈತಪ್ಪು ಅಥವಾ ಸೈಬರ್ ದಾಳಿಯಿಂದ ಮೂಲವು ನಾಶವಾದಾಗ ಈ ಪ್ರತಿಯಿಂದ ಮಾಹಿತಿಯನ್ನು ಮರಳಿ ಪಡೆಯುವುದಕ್ಕೆ ಮರುಸ್ಥಾಪನೆ ಎನ್ನುತ್ತಾರೆ.

ವಿಧಗಳು

ಪೂರ್ಣ ಬ್ಯಾಕಪ್‌ನಲ್ಲಿ ಇಡೀ ದತ್ತಸಂಚಯವನ್ನು ನಕಲು ಮಾಡಲಾಗುತ್ತದೆ. ಡಿಫರೆನ್ಶಿಯಲ್ ಬ್ಯಾಕಪ್ ಕೊನೆಯ ಪೂರ್ಣ ಬ್ಯಾಕಪ್‌ನ ನಂತರ ಆದ ಎಲ್ಲ ಬದಲಾವಣೆಗಳನ್ನೂ, ಇನ್‌ಕ್ರಿಮೆಂಟಲ್ ಬ್ಯಾಕಪ್ ಅದರ ಹಿಂದಿನ ಬ್ಯಾಕಪ್‌ನ ನಂತರದ ಬದಲಾವಣೆಗಳನ್ನಷ್ಟೇ ಉಳಿಸುತ್ತದೆ. ಇವುಗಳ ಜೊತೆಗೆ ಪ್ರತಿಯೊಂದು ಬದಲಾವಣೆಯೂ ಕ್ರಮವಾಗಿ ದಾಖಲಾಗುವ ಲಾಗ್ ಕಡತವನ್ನೂ ಕಾಪಾಡಲಾಗುತ್ತದೆ. ಭಾನುವಾರ ಪೂರ್ಣ ಬ್ಯಾಕಪ್ ಆಗಿದ್ದು, ಬುಧವಾರ 3 ಗಂಟೆಗೆ ಒಂದು ಕೋಷ್ಟಕ ತಪ್ಪಿ ಅಳಿಸಿಹೋದರೆ, ಭಾನುವಾರದ ಪ್ರತಿಯನ್ನು ಸ್ಥಾಪಿಸಿ, ಲಾಗ್‌ನಲ್ಲಿರುವ ಬದಲಾವಣೆಗಳನ್ನು 2 ಗಂಟೆ 59 ನಿಮಿಷದವರೆಗೆ ಮಾತ್ರ ಮತ್ತೆ ಅನ್ವಯಿಸಲಾಗುತ್ತದೆ.

ಮಾಹಿತಿಯನ್ನು ಇನ್ನೊಂದು ಸರ್ವರ್‌ಗೆ ಕ್ಷಣಕ್ಷಣವೂ ಕಳುಹಿಸುವ ರೆಪ್ಲಿಕೇಶನ್ ಬ್ಯಾಕಪ್‌ಗೆ ಬದಲಿಯಲ್ಲ. ಮೂಲದಲ್ಲಿ ಅಳಿಸಿದ ಮಾಹಿತಿ ಅಲ್ಲಿಯೂ ಅಳಿಸಿಹೋಗುತ್ತದೆ.

ಕರ್ನಾಟಕದ ಭೂದಾಖಲೆಗಳು

ಕರ್ನಾಟಕದ ಕಂದಾಯ ಇಲಾಖೆಯು 2000ದ ಆಸುಪಾಸಿನಲ್ಲಿ ಆರಂಭಿಸಿದ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಗಣಕೀಕೃತವಾದವು. ಅದುವರೆಗೆ ಅವು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಒಂದು ಪುಸ್ತಕಕ್ಕೆ ಗೆದ್ದಲು ಹಿಡಿದರೆ ಕೆಲವೇ ಗ್ರಾಮಗಳ ದಾಖಲೆಗಳಿಗೆ ಧಕ್ಕೆಯಾಗುತ್ತಿತ್ತು. ಗಣಕೀಕರಣದ ನಂತರ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲದಂತಾಗಿ, ದತ್ತಸಂಚಯದ ರಕ್ಷಣೆಯೇ ಮುಖ್ಯವಾಯಿತು. ಬೆಳ್ತಂಗಡಿ ತಾಲ್ಲೂಕಿನ ನಾರಾವಿಯಂತಹ ಗ್ರಾಮದ ಕೃಷಿಕರಿಗೆ ಬೆಳೆಸಾಲ, ಜಮೀನಿನ ಮಾರಾಟ, ಕುಟುಂಬದ ಪಾಲುಪಟ್ಟಿ ಮೊದಲಾದವುಗಳಿಗೆ ಪಹಣಿ ಅಗತ್ಯ. ಇಂತಹ ದತ್ತಸಂಚಯವನ್ನು ಹಿಂದಿನ ದಿನದ ಪ್ರತಿಯಿಂದಷ್ಟೇ ಮರುಸ್ಥಾಪಿಸಿದರೆ, ಆ ದಿನ ದಾಖಲಾದ ಹಕ್ಕು ಬದಲಾವಣೆಗಳು ಇಲ್ಲವಾಗಿ ಹಳೆಯ ಮಾಲೀಕರ ಹೆಸರೇ ಮರಳಿ ಕಾಣಿಸುತ್ತದೆ. ಆದ್ದರಿಂದ ಎಷ್ಟು ಅವಧಿಯ ಮಾಹಿತಿ ನಷ್ಟವನ್ನು ಸಹಿಸಬಹುದು, ಎಷ್ಟು ಹೊತ್ತಿನೊಳಗೆ ಸೇವೆ ಪುನರಾರಂಭವಾಗಬೇಕು ಎಂಬುದನ್ನು ಮೊದಲೇ ನಿರ್ಧರಿಸಿ ಬ್ಯಾಕಪ್‌ನ ವೇಳಾಪಟ್ಟಿಯನ್ನು ರೂಪಿಸಲಾಗುತ್ತದೆ. ತಾಲ್ಲೂಕು ಕಚೇರಿಗಳಲ್ಲಿರುವ ಹಳೆಯ ಕಾಗದದ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಉಳಿಸುವ 'ಭೂ ಸುರಕ್ಷಾ' ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಆರಂಭಿಸಿತು.

ಮರುಸ್ಥಾಪನೆಯ ಪರೀಕ್ಷೆ

ಬ್ಯಾಕಪ್ ವ್ಯವಸ್ಥೆ ಇದ್ದ ಮಾತ್ರಕ್ಕೆ ಮಾಹಿತಿ ಸುರಕ್ಷಿತವಾಗಿರುವುದಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಎರಡನೆಯ ಸರ್ವರ್‌ನಲ್ಲಿ ಅಳಿಸಬೇಕಿದ್ದ ಮಾಹಿತಿಯನ್ನು ಮುಖ್ಯ ಸರ್ವರ್‌ನಲ್ಲಿ ಅಳಿಸಿದರು. ನಿತ್ಯದ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಿದ್ದುದು ಆಗಲೇ ಬೆಳಕಿಗೆ ಬಂದಿತು. ವೈಫಲ್ಯದ ಎಚ್ಚರಿಕೆಯ ಮಿಂಚಂಚೆಗಳೂ ತಲುಪಿರಲಿಲ್ಲ. ಸುಮಾರು 6 ಗಂಟೆ ಮೊದಲು ಬೇರೊಂದು ಕೆಲಸಕ್ಕಾಗಿ ತೆಗೆದಿದ್ದ ಪ್ರತಿಯಿಂದ ಸೇವೆಯನ್ನು ಮರುಸ್ಥಾಪಿಸಲಾಯಿತು. ನಡುವಿನ ಅವಧಿಯ ಮಾಹಿತಿ ದೊರೆಯಲಿಲ್ಲ.

ಮುನ್ನೆಚ್ಚರಿಕೆಗಳು

ಮಾಹಿತಿಯ 3 ಪ್ರತಿಗಳನ್ನು 2 ಬಗೆಯ ಮಾಧ್ಯಮಗಳಲ್ಲಿ ಇಟ್ಟು, 1 ಪ್ರತಿಯನ್ನು ಬೇರೆ ಊರಿನಲ್ಲಿ ಇಡುವುದಕ್ಕೆ 3-2-1 ನಿಯಮವೆಂಬ ಹೆಸರಿದೆ. ಕಡತಗಳನ್ನು ಗೂಢಲಿಪೀಕರಿಸಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಜಾಲದಲ್ಲಿರುವ ಬ್ಯಾಕಪ್‌ಗಳನ್ನೂ ಕೆಡಿಸಬಲ್ಲದು. ಹೀಗಾಗಿ ಒಂದು ಪ್ರತಿಯನ್ನು ಜಾಲದಿಂದ ಬೇರ್ಪಡಿಸಿ ಇಡಲಾಗುತ್ತದೆ. ನಿಗದಿತ ಅವಧಿಗೊಮ್ಮೆ ಬ್ಯಾಕಪ್ ಅನ್ನು ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ, ದಾಖಲೆಗಳ ಸಂಖ್ಯೆಯನ್ನೂ ವಿವರಗಳನ್ನೂ ಮೂಲದೊಂದಿಗೆ ತಾಳೆ ನೋಡಿದಾಗ ಮಾತ್ರ ಅದು ಉಪಯೋಗಕ್ಕೆ ಬರುತ್ತದೆಯೇ ಎಂಬುದು ಖಚಿತವಾಗುತ್ತದೆ.