ವಿಶೇಷ ವಿದ್ಯಾಭ್ಯಾಸದ ಸುಧಾರಣೆಯೂ ಮನೆಯವರ ಅಭಿಮತವೂ

ಮೈಸೂರು ಸಂಸ್ಥಾನದ ವಿದ್ಯಾಚರಿತ್ರೆಯಲ್ಲಿ ೧೯೦೧ನೆಯ ಇಸವಿಯು ಸ್ಮರಣೀಯವಾದುದು. ಆ ವರ್ಷ ಎಂ. ಶ್ರೀನಿವಾಸರಾಯರು ಮೈಸೂರು ನಗರದಲ್ಲಿ ಅಂಧ ಬಧಿರ ಬಾಲಕರಿಗಾಗಿ ಪಾಠಶಾಲೆಯೊಂದನ್ನು ಸ್ಥಾಪಿಸಿದರು. ೧೯೪೪ರ ಸಾರ್ಜೆಂಟ್ ವರದಿಯು ಇಂಥವರ ಶಿಕ್ಷಣವನ್ನು ದೇಶದ ಶಿಕ್ಷಣಪದ್ಧತಿಯ ಅಂಗವೆಂದೆಣಿಸಿತು. ೧೯೬೪–೬೬ರ ಕೊಠಾರಿ ಆಯೋಗವು ಸಾಧ್ಯವಾದ ಮಟ್ಟಿಗೆ ಅವರನ್ನು ಸಾಮಾನ್ಯ ಶಾಲೆಗಳಲ್ಲಿಯೇ ಓದಿಸಬೇಕೆಂದಿತು.

ಪೋಷಕರಿಗೆ ಶಾಸನಬದ್ಧವಾದ ಆಸನವು ದೊರೆತುದಾದರೋ ಬಹುಕಾಲದ ಮೇಲೆ. ೨೦೦೯ರ ಶಿಕ್ಷಣದ ಹಕ್ಕಿನ ಶಾಸನವು ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕೆಂದೂ, ಅವಕಾಶವಂಚಿತ ಮಕ್ಕಳ ಪೋಷಕರಿಗೆ ಪ್ರಮಾಣಾನುಸಾರ ಸ್ಥಾನವಿರಬೇಕೆಂದೂ ವಿಧಿಸಿತು. ೨೦೧೨ರ ತಿದ್ದುಪಡಿಯು ಅಂಗವಿಕಲ ಮಕ್ಕಳನ್ನು ಆ ವರ್ಗಕ್ಕೆ ಸೇರಿಸಿತು. ನಿಗದಿತ ಪ್ರಮಾಣದ ವೈಕಲ್ಯವುಳ್ಳ ೬ರಿಂದ ೧೮ ವರ್ಷದವರಿಗೆ ನೆರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯನ್ನು ೨೦೧೬ರ ಶಾಸನವು ಕೊಟ್ಟಿತು.

ಯಲಹಂಕ, ಹೆಬ್ಬಾಳ, ಯಶವಂತಪುರಗಳ ಸರ್ಕಾರಿ ಶಾಲೆಗಳಿಗೂ ಈ ವಿಧಿಗಳೇ ಅನ್ವಯಿಸುವುವು. ಆದರೆ ಸಮಿತಿಯ ಆಸನವು ಒಂದು ಶಾಲೆಯ ಯೋಜನೆಗೆ ಮಾತ್ರ ಸಲ್ಲುವುದು. ವಿಶೇಷ ಶಾಲೆಗಳು ಎಲ್ಲಿರಬೇಕು, ತರಬೇತಾದ ಉಪಾಧ್ಯಾಯರು ಎಷ್ಟಿರಬೇಕು ಎಂಬುದು ಅದಕ್ಕೂ ಮೇಲೆ ನಿರ್ಣಯವಾಗುವುದು. ಆದುದರಿಂದ ಸುಧಾರಣೆಯ ಕರಡು ಸಿದ್ಧವಾಗುವ ಮುನ್ನವೇ ಮನೆಯವರನ್ನು ಕೇಳುವುದು ಅವಶ್ಯಕ. ಹಾಗೆ ಕೇಳದಿದ್ದಲ್ಲಿ, ಶಾಸನದಲ್ಲಿ ಆಯ್ಕೆಯಿದ್ದರೂ ಆಯ್ದುಕೊಳ್ಳುವುದಕ್ಕೆ ಏನೂ ಉಳಿಯದು.