ಕೈ ಟಕ್‌ನ ಆ ಬಲತಿರುವು

ಬಟ್ಟೆ ಒಣಹಾಕಿದ ತಾರಸಿಗಳ ಮೇಲೆ ದೊಡ್ಡ ವಿಮಾನವೊಂದು ವಾಲಿಕೊಂಡು ಹಾರುತ್ತಿರುವ ಹಳೆಯ ಫೋಟೋ ನೀವೂ ನೋಡಿರಬಹುದು. ಹಾಂಗ್‌ಕಾಂಗ್‌ನ ಕೈ ಟಕ್ ವಿಮಾನ ನಿಲ್ದಾಣದ್ದು. ಮೊದಲ ಸಲ ನೋಡಿದಾಗ ಪೈಲಟ್ ಏನೋ ಸಾಹಸ ಮಾಡ್ತಿದ್ದಾನೆ ಅಂದುಕೊಂಡಿದ್ದೆ. ಓದಿದ ಮೇಲೆ ಗೊತ್ತಾಯ್ತು, ಅದು ಅಲ್ಲಿನ ಮಾಮೂಲಿ ದಾರಿ!

ಉತ್ತರಕ್ಕೆ ಬೆಟ್ಟಸಾಲು, ಪಕ್ಕದಲ್ಲೇ ಕೌಲೂನಿನ ಒತ್ತೊತ್ತಾದ ಮನೆಗಳು. 1958ರಲ್ಲಿ ಕಡಲು ತುಂಬಿಸಿ ಹೊಸ ರನ್‌ವೇ ಕಟ್ಟಿದರು. ಏರುವವರಿಗೂ ಇಳಿಯುವವರಿಗೂ ಅದೊಂದೇ. ಸಾಮಾನ್ಯವಾಗಿ ರೇಡಿಯೋ ಕಿರಣ ವಿಮಾನವನ್ನು ನೇರ ರನ್‌ವೇಗೇ ಕರೆತರುತ್ತೆ. ಇಲ್ಲಿ ನೇರ ದಾರಿಗೆ ಬೆಟ್ಟ ಅಡ್ಡ. ಹಾಗಾಗಿ ನಗರದ ಕಡೆಯಿಂದ ಬರುವವರಿಗೆ 1974ರಲ್ಲಿ ಹಾಕಿದ ಕಿರಣ ಒಯ್ಯುತ್ತಿದ್ದುದು ಒಂದು ಗುಡ್ಡದ ಕಡೆಗೆ! ಗುಡ್ಡದ ಮೈಗೆ ಚದುರಂಗದ ಹಾಸಿನಂತೆ ದೊಡ್ಡ ಚೌಕಗಳನ್ನು ಬಳಿದಿದ್ದರು. ಅಲ್ಲಿ ಯಂತ್ರವನ್ನು ಬಿಟ್ಟು, ಕಣ್ಣನ್ನೇ ನಂಬಿ, ಸುಮಾರು 650 ಅಡಿ ಎತ್ತರದಲ್ಲಿ ಬಲಕ್ಕೆ 47 ಡಿಗ್ರಿ ತಿರುಗಬೇಕು. ತಡವಾದರೆ ರನ್‌ವೇ ಬಲಕ್ಕೇ ಉಳಿದುಬಿಡುತ್ತೆ. ಅಡ್ಡಗಾಳಿ ಇದ್ದರಂತೂ ಕೇಳೋದೇ ಬೇಡ. ದಾರಿ ಕಾಣದಿದ್ದರೆ ಮತ್ತೆ ಮೇಲೇರಬೇಕು, ಅಷ್ಟೇ.

1993ರ ನವೆಂಬರ್ 4ರಂದು ಗಾಳಿಮಳೆಯಲ್ಲಿ ಇಳಿದ ಚೈನಾ ಏರ್‌ಲೈನ್ಸ್‌ನ ಜಂಬೋ ಜೆಟ್ ರನ್‌ವೇಯಲ್ಲಿ ನಿಲ್ಲಲಾಗದೆ ಕಡಲಿಗೆ ಬಿತ್ತು. ಪುಣ್ಯಕ್ಕೆ 396 ಜನರೂ ಬದುಕುಳಿದರು.

1998ರ ಜುಲೈ 6ಕ್ಕೆ ಕೈ ಟಕ್ ಮುಚ್ಚಿತು. ಚೆಕ್ ಲಾಪ್ ಕೊಕ್ ದ್ವೀಪದ ಹೊಸ ನಿಲ್ದಾಣದಲ್ಲಿ ಆ ತಿರುವಿಲ್ಲ, ಕೆಳಗೆ ತಾರಸಿಗಳಿಲ್ಲ. ಇನ್ನೇನು ಭಯ ಅನ್ನಿಸುತ್ತೆ ಅಲ್ವಾ? ಆದರೆ 1999ರ ಆಗಸ್ಟ್ 22ರಂದು, ಚಂಡಮಾರುತದ ನಡುವೆ ಅಲ್ಲಿ ಇಳಿಯುವಾಗ ಅದೇ ಕಂಪನಿಯ ಇನ್ನೊಂದು ವಿಮಾನ ತಲೆಕೆಳಗಾಯಿತು. ಮೂವರು ಸತ್ತರು.

ನನ್ನನ್ನು ಕಾಡಿದ್ದು ಇದೇ. ಗುಡ್ಡ ಕಣ್ಣಿಗೆ ಕಾಣುತ್ತೆ, ಹೆದರಿಸುತ್ತೆ, ಅದಕ್ಕೆ ಎಲ್ಲರೂ ತಯಾರಾಗಿ ಬರುತ್ತಾರೆ. ಗಾಳಿಗೆ ಚೌಕ ಬಳಿಯೋಕಾಗಲ್ಲವಲ್ಲ!

ಆ ಹಳೆ ರನ್‌ವೇಯ ತುದಿಯಲ್ಲಿ 2013ರಿಂದ ಪ್ರವಾಸಿ ಹಡಗುಗಳು ಬಂದು ನಿಲ್ಲುತ್ತಿವೆ. ನಾನು ಮಾತ್ರ ಒಂದು ಪಾಠ ಕಲಿತೆ. ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ವಿಮಾನ ಮತ್ತೆ ಮೇಲೇರಿದರೆ, ಮೊದಲಿನ ಹಾಗೆ ಗೊಣಗುವುದಿಲ್ಲ. ಮುಂದೆ ಕೂತವರಿಗೆ ಏನೋ ಸರಿ ಕಂಡಿಲ್ಲ, ಅರ್ಧ ಗಂಟೆ ತಡವಾದರೆ ಆಗಲಿ ಬಿಡಿ...