ಇನಿಷಿಯಲ್‌ನಲ್ಲಿ ಉಳಿದ ಊರು

ಮಗುವಿನ ಹೆಸರಿಗೆ ಒಪ್ಪುವ ನಡುಹೆಸರನ್ನು ಹುಡುಕುವುದು ಇಂಗ್ಲೆಂಡ್, ಅಮೆರಿಕಗಳ ತಂದೆತಾಯಿಯರ ಚಿಂತೆ. ತಿಪಟೂರು ತಾಲ್ಲೂಕಿನ ನೊಣವಿನಕೆರೆಯ ಸುತ್ತಿನ ತೆಂಗಿನ ಸೀಮೆಯಲ್ಲಿ ಅಂಥ ಪ್ರಮೇಯವೇ ಇರಲಿಲ್ಲ. ತೊಟ್ಟಿಲ ಶಾಸ್ತ್ರದಲ್ಲಿ ಇಡುವುದು ಒಂದು ಹೆಸರು. ಅದಕ್ಕೆ ಮೊದಲು ಊರು, ತಂದೆಯ ಹೆಸರು ತಾವಾಗಿಯೇ ಬಂದು ಕೂಡುತ್ತಿದ್ದವು.

ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ, ‘ಭಾರತೀಯ ಕಾವ್ಯಮೀಮಾಂಸೆ’ಯ ಕರ್ತೃ ತೀ.ನಂ.ಶ್ರೀ. ಅವರ ಹೆಸರನ್ನೇ ನೋಡಬಹುದು. ತೀ ಎಂದರೆ ತೀರ್ಥಪುರ, ನಂ ಎಂದರೆ ತಂದೆ ನಂಜುಂಡಯ್ಯ, ಶ್ರೀ ಎಂದರೆ ಶ್ರೀಕಂಠಯ್ಯ. ಅದೇ ತಾಲ್ಲೂಕಿನ ಸಾ.ಶಿ. ಮರುಳಯ್ಯನವರದೂ ಇದೇ ಕ್ರಮ: ಊರು ಸಾಸಲು, ತಂದೆ ಶಿವರುದ್ರಯ್ಯ.

ಉತ್ತರ ಕರ್ನಾಟಕದ ಪದ್ಧತಿ ಬೇರೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಸ್ವಂತ ಹೆಸರು ಮೊದಲು, ತಂದೆಯದು ನಡುವೆ, ಮನೆತನದ್ದು ಕೊನೆಗೆ. ಎರಡೂ ಕಡೆ ನಡುವಿನ ಜಾಗ ಅಪ್ಪನದೇ. ತಾಯಿಯ ಹೆಸರಿಗೆ ಅಲ್ಲಿ ಎಡೆಯಿಲ್ಲ. ಮದುವೆಯಾದ ಮೇಲೆ ಹೆಣ್ಣುಮಗಳ ಇನಿಷಿಯಲ್ ಗಂಡನ ಹೆಸರಿಗೆ ಬದಲಾಗುವುದೂ ಉಂಟು.

ಪಾಸ್‌ಪೋರ್ಟ್ ಅರ್ಜಿಯಾದರೋ ಸ್ವಂತ ಹೆಸರನ್ನೂ ಅಡ್ಡಹೆಸರನ್ನೂ ಬೇರೆಬೇರೆಯಾಗಿ ಕೇಳುತ್ತದೆ. ಇನಿಷಿಯಲ್ ಬಿಡಿಸಿ ಬರೆದರೆ ಅಪ್ಪನ ಹೆಸರೋ ಊರಿನ ಹೆಸರೋ ಅಡ್ಡಹೆಸರಾಗುತ್ತದೆ. ಪರದೇಶದಲ್ಲಿ ಮಗನನ್ನು ಅಪ್ಪನ ಹೆಸರಿನಿಂದಲೇ ಕರೆಯುತ್ತಾರೆ. ಈ ತೊಡಕಿಗೆ ಹೆದರಿ ಊರನ್ನೇ ಕೈಬಿಡುವವರಿದ್ದಾರೆ.

ಹೆಸರಿಲ್ಲದೆ ನೋಂದಣಿಯಾದ ಮಗುವಿಗೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಲು 1969ರ ಜನನ ಮರಣ ನೋಂದಣಿ ಕಾಯಿದೆಯಡಿ ಅವಕಾಶವಿದೆ. ಆ ವರ್ಷದಲ್ಲಿ ಯೋಚಿಸಬೇಕಾದದ್ದು ಕಿವಿಗೆ ಇಂಪಾದ ಹೆಸರೊಂದನ್ನೇ ಅಲ್ಲ. ಅದರ ಮುಂದಿನ ಅಕ್ಷರಗಳಲ್ಲಿ ಯಾವ ಊರು, ಯಾರ ಹೆಸರು ಉಳಿಯಬೇಕು ಎಂಬುದನ್ನೂ.